ಮುಚ್ಚಳವಿಲ್ಲದ ಪೆಟ್ಟಿಗೆ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜನ ಮುಗಿಬೀಳುವುದು ಗಂಟೆ ಬಾರಿಸುವ ಗಡಿಯಾರಕ್ಕೆ, ಮುಸುಕು ಹೊದ್ದ ರೆಬೆಕ್ಕಾಳ ಶಿಲ್ಪಕ್ಕೆ. ಯುರೋಪಿನ ಪೀಠೋಪಕರಣಗಳ ಕಡೆ ಬರುವಷ್ಟರಲ್ಲಿ ಎಲ್ಲರ ಕಾಲೂ ಸೋತಿರುತ್ತವೆ. ಅಲ್ಲಿ ಫ್ರೆಂಚ್ ಮಾದರಿಯ ಖಾನೆಪೆಟ್ಟಿಗೆಯೊಂದು ನನ್ನನ್ನು ಹಿಡಿದು ನಿಲ್ಲಿಸಿತು. ಉಬ್ಬಿದ ಹೊಟ್ಟೆ, ಬಗೆಬಗೆಯ ಮರದ ಚೂರು ಕೂಡಿಸಿ ಬಿಡಿಸಿದ ಹೂಬಳ್ಳಿ, ಅಂಚಿಗೆಲ್ಲ ಚಿನ್ನದ ನೀರು ಕುಡಿದ ಕಂಚು. ಇವನ್ನೆಲ್ಲ ನೋಡಿ ಮುಗಿದ ಮೇಲೂ ನನ್ನ ಕಣ್ಣು ಕೀಳಲಾಗದಿದ್ದದ್ದು ಅದರ ನೆತ್ತಿಯ ಮೇಲಿನ ಅಮೃತಶಿಲೆಯ ಹಾಸಿನಿಂದ. ಪೆಟ್ಟಿಗೆ ಎಂದರೆ ಮೇಲಿನಿಂದ ತೆರೆಯುವಂಥದ್ದು ಎಂದು ನಂಬಿ ಬೆಳೆದವನು ನಾನು. ಇದರ ಮೇಲೆ ಯಾರೋ ಕಲ್ಲು ಹೇರಿ ಆ ದಾರಿಯನ್ನೇ ಮುಚ್ಚಿಬಿಟ್ಟಿದ್ದರು.

ಯುರೋಪಿನಲ್ಲೂ ಮೊದಲಿಗೆ ಇದ್ದದ್ದು ಮುಚ್ಚಳದ ಪೆಟ್ಟಿಗೆಯೇ. ಎಳೆದು ತೆಗೆಯುವ ಖಾನೆಗಳು ಅದರ ಹೊಟ್ಟೆಯೊಳಗೆ ಬಂದು ಸೇರಿ, ಕಡೆಗೆ ಮುಚ್ಚಳವನ್ನೇ ಹೊರಹಾಕಿದವು. ಆಂದ್ರೆ ಶಾರ್ಲ್ ಬೂಲ್ ಎಂಬ ಕುಶಲಿ 1708ರ ಸುಮಾರಿಗೆ ಹದಿನಾಲ್ಕನೇ ಲೂಯಿಯ ತ್ರಿಯಾನೊನ್ ಅರಮನೆಗೆ ಮಾಡಿಕೊಟ್ಟ ಜೋಡಿ ಈ ಜಾತಿಯ ಹಿರಿಯರಲ್ಲಿ ಸೇರುತ್ತದೆ. ಅಲ್ಲಿಂದ ಮುಂದೆ ನೂರು ವರ್ಷ ಪ್ಯಾರಿಸ್ಸಿನ ಸಿರಿವಂತರ ಮನೆಗಳಲ್ಲಿ ಇದರದೇ ಮೆರವಣಿಗೆ.

ಹತ್ತಿರದಿಂದ ನೋಡಿದರೆ ಇದೊಂದು ಬಹುರೂಪಿ. ಒಳಗಿನ ಗೂಡು ಸಾಧಾರಣ ಓಕ್ ಅಥವಾ ಪೈನ್. ಮೇಲೆ ಕಾಣುವ ದುಬಾರಿ ಮರ ಒಂದೆರಡು ಮಿಲಿಮೀಟರ್ ದಪ್ಪದ ತೊಗಲು ಮಾತ್ರ. ಅಂಥ ತೆಳು ಹಾಳೆ ಮೂಲೆಯಲ್ಲಿ ಬೇಗ ಚಕ್ಕೆ ಏಳುತ್ತದೆ, ಖಾನೆ ಎಳೆಯುವ ಕೈ ತಾಗಿ ಸವೆಯುತ್ತದೆ. ಕಂಚು ಬಂದು ಕೂತಿರುವುದು ಸರಿಯಾಗಿ ಅಲ್ಲಲ್ಲಿಯೇ: ಮೂಲೆ, ಪಾದ, ಕೀಲಿಯ ಕಿಂಡಿ, ಹಿಡಿಕೆ. ನಾವು ಅಲಂಕಾರ ಎನ್ನುವುದು ಎಲ್ಲೆಲ್ಲಿ ಪೆಟ್ಟು ಬೀಳುತ್ತದೆ ಎಂಬುದರ ನಕಾಶೆಯೂ ಹೌದು. ಶಿರೂರಿನ ನಮ್ಮ ಮನೆಯ ತೇಗದ ಸಂದೂಕದ ಮೂಲೆಗಳಿಗೆ ಹೊಡೆದಿದ್ದ ಹಿತ್ತಾಳೆ ಪಟ್ಟಿಗೂ ಇದೇ ಕೆಲಸ. ಆ ಪಟ್ಟಿಯ ಮೇಲೂ ಒಂದು ಹೂವು ಕೊರೆದಿತ್ತು.

ಪ್ಯಾರಿಸ್ಸಿನಲ್ಲಿ ಮರದವರ ಸಂಘ ಬೇರೆ, ಕಂಚು ಎರೆಯುವವರದು ಬೇರೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ. ಹದಿನೆಂಟನೇ ಶತಮಾನದ ನಡುವಿನಿಂದ ಮರದ ಕುಶಲಿ ತನ್ನ ಹೆಸರಿನ ಮುದ್ರೆ ಒತ್ತಬೇಕೆಂಬ ಕಟ್ಟಳೆ ಬಂತು. 1745ರಿಂದ 1749ರವರೆಗೆ ಕಂಚಿನ ಮೇಲೆ ತೆರಿಗೆ ಇತ್ತು, ಕಟ್ಟಿದ್ದಕ್ಕೆ ಗುರುತಾಗಿ ಕಿರೀಟ ಹೊತ್ತ ‘ಸಿ’ ಅಕ್ಷರ ಬಿತ್ತು. ಬಡಗಿಯ ಹೆಸರು ಉಳಿಯಿತು, ತೆರಿಗೆಯ ಗುರುತೂ ಉಳಿಯಿತು. ಚಿನ್ನ ಹತ್ತಿಸಿದವನದು ಮಾತ್ರ ಸಾಮಾನ್ಯವಾಗಿ ಯಾವ ಗುರುತೂ ಇಲ್ಲ. ಅವನು ಚಿನ್ನವನ್ನು ಪಾದರಸದಲ್ಲಿ ಕಲಸಿ, ಕಂಚಿಗೆ ಸವರಿ, ಬೆಂಕಿಗೆ ಹಿಡಿಯುತ್ತಿದ್ದ. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆ ಹೊಗೆ ಹೋಗುತ್ತಿದ್ದದ್ದು ಅವನ ಎದೆಗೆ. ಕೈ ನಡುಗಿ, ಹಲ್ಲು ಸಡಿಲಾಗಿ, ವಯಸ್ಸಿಗೆ ಮೊದಲೇ ಸಾಯುವುದು ಆ ಕಸುಬಿನಲ್ಲಿ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ವಿದ್ಯುತ್ತಿನಿಂದ ಲೇಪಿಸುವ ವಿಧಾನ ಬಂದ ಮೇಲೆ ಈ ಹೊಗೆ ಕಡಿಮೆಯಾಯಿತು. (ಮೈಸೂರಿನ ಅಂಬಾವಿಲಾಸದ ಬೀಟೆ ಬಾಗಿಲುಗಳ ದಂತದ ಕುಸುರಿ ನೋಡುವಾಗಲೂ ಆನೆಯ ನೆನಪು ಎಷ್ಟು ಜನಕ್ಕೆ ಬರುತ್ತದೆ?)

ನನ್ನನ್ನು ಬಹಳ ದಿನ ಕಾಡಿದ್ದು ಮಾತ್ರ ಆ ಮುಚ್ಚಳದ ಪ್ರಶ್ನೆ. ನಮ್ಮ ಸಂದೂಕ ಪಡಸಾಲೆಯ ಒಳಮೂಲೆಯಲ್ಲಿತ್ತು. ಮೇಲೆ ಕೌದಿಗಳ ಅಟ್ಟಿ. ಅದನ್ನು ತೆರೆಯುವುದೆಂದರೆ ಕೌದಿ ಇಳಿಸಬೇಕು, ಇನ್ನೊಬ್ಬರನ್ನು ಕರೆದು ಮುಚ್ಚಳ ಎತ್ತಿ ಹಿಡಿಸಬೇಕು. ಮೇಲಿರುವುದು ದಿನಬಳಕೆಯ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಅದರಡಿ ಹೊಲದ ಉತಾರ, ಸಾಲದ ಕಾಗದ. ತೀರಾ ತಳಕ್ಕೆ, ಬೇವಿನೆಲೆಯ ನಡುವೆ, ಟೋಪ್‌ತೆನಿ ಸೆರಗಿನ ಇಳಕಲ್ಲ ಸೀರೆ ಮತ್ತು ಬೋರಮಾಳದ ಗಂಟು. ಬೆಲೆಬಾಳುವುದೆಲ್ಲ ಆಳದಲ್ಲಿ. ಆಯಿ, ಅಂದರೆ ನಮ್ಮ ಅಜ್ಜಿ, ತಳಕ್ಕೆ ಕೈ ಹಾಕಿದಳೆಂದರೆ ಮನೆಯಲ್ಲಿ ಮದುವೆಯೋ ಕಷ್ಟವೋ ಬಂದಿದೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಒಂದನ್ನು ತೆಗೆಯಬೇಕಾದರೆ ಎಲ್ಲವನ್ನೂ ಮುಟ್ಟಬೇಕು. ಹಾಗೆ ಮುಟ್ಟುವಾಗಲೇ ಆಕೆ ಯಾವ ಸೀರೆ ಯಾರ ಸೀಮಂತದ್ದು, ಯಾವ ಕಾಗದ ಯಾವ ಬರಗಾಲದ್ದು ಎಂದು ಹೇಳುತ್ತಿದ್ದಳು. ಖಾನೆಗೆ ಈ ಪಾಡಿಲ್ಲ. ಬೇಕಾದ್ದನ್ನಷ್ಟೇ ಎಳೆ, ತೆಗೆ, ದೂಡು. ಪಕ್ಕದ ಖಾನೆಗೆ ಸುದ್ದಿ ಹೋಗುವುದಿಲ್ಲ. ಮೇಲೆ ಕಲ್ಲಿನ ಹಾಸು ಬಿದ್ದಿದ್ದರಿಂದ ಇಡುವ ವಸ್ತುವೇ ತೋರಿಸುವ ವಸ್ತುವೂ ಆಯಿತು. ಅದರ ಮೇಲೆ ಗಡಿಯಾರ, ಮೇಣದಬತ್ತಿಯ ಕಂಬ. ನಮ್ಮಲ್ಲಿ ಈಗ ಕನ್ನಡಿ ಕೂಡಿಸಿದ ಗಾಡ್ರೆಜ್ ಕಪಾಟು ಅದೇ ಹುದ್ದೆ ನಿಭಾಯಿಸುತ್ತಿದೆ.

ಇಷ್ಟನ್ನು ಮನಸ್ಸಿನಲ್ಲೇ ಬರೆದುಕೊಂಡು, ಸಂದೂಕವೇ ಮೇಲು ಎಂದು ತೀರ್ಪನ್ನೂ ಕೊಟ್ಟುಕೊಂಡು ಊರಿಗೆ ಹೋಗಿದ್ದೆ. ಅಣ್ಣನ ಹೆಂಡತಿ ವೈನಿಗೆ ಮೊಬೈಲಿನಲ್ಲಿ ಆ ಫ್ರೆಂಚ್ ಪೆಟ್ಟಿಗೆಯ ಚಿತ್ರ ತೋರಿಸಿದೆ. ಚಿನ್ನ, ಕಲ್ಲು ಯಾವುದನ್ನೂ ಆಕೆ ಕೇಳಲಿಲ್ಲ.

“ಎಲ್ಲಾ ಖಾನೇಕ್ಕೂ ಬ್ಯಾರೆ ಬ್ಯಾರೆ ಕೀಲಿ ಅದಾವೇನು?” ಅಂದಳು.

ನಾನು ಸಂದೂಕದ ಗುಣಗಾನ ಶುರು ಮಾಡಿದಾಗ ನಕ್ಕಳು. “ನಿಮ್ಮ ಆಯಿ ಆದಮ್ಯಾಲ ಕೀಲಿ ಅತ್ತಿಯವ್ರ ಸೊಂಟಕ್ಕ ಬಂತು. ತವರಮನಿಯಿಂದ ತಂದ ನನ್ನ ಸೀರಿ ನಾ ಉಡಬೇಕಂದ್ರೂ ಅವ್ರ ಮಾರಿ ನೋಡಬೇಕಾಗಿತ್ತು. ಆ ಸಂದೂಕದಾಗ ನಂದು ಅನ್ನೂದು ಏನಿತ್ತು ಹೇಳು?”

ನಾನು ಒಟ್ಟು ಕುಟುಂಬದ ನೆನಪು ಎಂದುಕೊಂಡದ್ದರ ಒಂದು ತುದಿಗೆ ಈ ಕೀಲಿ ಕಟ್ಟಿತ್ತು. ಖಾನೆ ಗುಟ್ಟನ್ನು ಬೆಳೆಸಿತು ಎಂದು ನಾನು ದೂರುತ್ತಿದ್ದೆ. ಗುಟ್ಟು ಇಟ್ಟುಕೊಳ್ಳಲು ಒಂದು ಜಾಗವೇ ಇಲ್ಲದವರಿಗೆ ಅದು ಹೇಗೆ ಕಂಡೀತು ಎಂದು ಯೋಚಿಸಿರಲಿಲ್ಲ. ಆಯಿ ಹೇಳುತ್ತಿದ್ದ ಕತೆಗಳಲ್ಲಿ ಸೊಸೆಯಂದಿರ ಸೀರೆಗಳು ಬರುತ್ತಿದ್ದವು, ಸೊಸೆಯಂದಿರು ಹೇಳಿದ ಕತೆ ಒಂದೂ ಇರಲಿಲ್ಲ. ಹಾಗೆಂದು ಒಳ್ಳೆಯದೆಲ್ಲ ಖಾನೆಯ ಪಾಲಿಗೇ ಬಂತೆಂದೂ ಹೇಳಲಾರೆ. ತಳದಿಂದ ಎಲ್ಲವನ್ನೂ ಎತ್ತಿ ಹರವುವ ಆ ಮಧ್ಯಾಹ್ನಗಳಿಗೆ ಬದಲಿಯಾಗಿ ಏನೂ ಬಂದಿಲ್ಲ. ಅಣ್ಣನ ಮಗಳಿಗೆ ಆಯಿಯ ಹೆಸರೂ ಸರಿಯಾಗಿ ನೆನಪಿಲ್ಲ.

ಅವ್ವ ತೀರಿಕೊಂಡ ಮೇಲೆ ಪಾಲಾಯಿತು. ಪತ್ತಾರ ಬೋರಮಾಳವನ್ನು ಬಿಚ್ಚಿ ಗುಂಡುಗಳನ್ನು ತೂಗಿ ಮೂರು ಭಾಗ ಮಾಡಿಕೊಟ್ಟ. ವೈನಿಯ ಭಾಗ ಆಕೆಯ ಕಪಾಟಿನ ಒಳಖಾನೆಯಲ್ಲಿದೆ, ಅದರ ಕೀಲಿ ಎಲ್ಲಿರುತ್ತದೆಂದು ಅಣ್ಣನಿಗೂ ಗೊತ್ತಿಲ್ಲ. ಸಂದೂಕವನ್ನು ಹಂಚುವುದು ಆಗದ ಮಾತು, ನಮಗ್ಯಾರಿಗೂ ಅದನ್ನು ಒಯ್ಯುವ ಉಮೇದೂ ಇರಲಿಲ್ಲ. ಬೀಜದ ಶೇಂಗಾ ತುಂಬಿಡಲು ಬರುತ್ತದೆಂದು ಅಣ್ಣನೇ ಇಟ್ಟುಕೊಂಡ. ಇಲಿಗೆ ಒಳಗೆ ಹೋಗಲು ಬರುವುದಿಲ್ಲವಂತೆ.