ಕಾಣಲಿಲ್ಲ ಎಂದರೆ ಇಲ್ಲ ಎಂದೇ?

ಮಸ್ಕಿಯ ಬೆಟ್ಟದಲ್ಲಿ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದದ್ದು 1915ರಲ್ಲಿ. ಅಶೋಕನ ಶಾಸನಗಳಲ್ಲಿ ಅಶೋಕ ಎಂಬ ಹೆಸರೇ ಇರುವಂಥದ್ದು ಸಿಕ್ಕಿದ್ದು ಅದೇ ಮೊದಲು. ಅದುವರೆಗೆ ಸಿಕ್ಕವುಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ. ಹೆಸರು ಕೆತ್ತಿದ ಕಲ್ಲೇ ಇಲ್ಲವೆಂದು 1914ರಲ್ಲಿ ಯಾರಾದರೂ ಬರೆದಿದ್ದರೆ, ಅದರಿಂದ ಕಲ್ಲಿನ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ, ಹುಡುಕಿದವರು ಎಲ್ಲಿಯವರೆಗೆ ಹೋಗಿದ್ದರು ಎಂಬುದಷ್ಟೇ ತಿಳಿಯುತ್ತಿತ್ತು. ಕಲ್ಲು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಅಲ್ಲೇ ಇತ್ತು. ಇದೇ ಸೀಮೆಯ ಗೊರೇಬಾಳದಂಥ ಒಂದು ಊರಿನ ಬಗ್ಗೆ ಕೊರೋನಾ ಸೋಂಕಿನ ಕಾಲದಲ್ಲಿ ‘ಅಲ್ಲಿ ಕೇಸಿಲ್ಲ’ ಎಂದಾಗಲೂ, ಒಬ್ಬ ಕೂಲಿಯ ಕೈಗೆ ‘ನೆಗೆಟಿವ್’ ಎಂಬ ಚೀಟಿ ಬಂದಾಗಲೂ ಕೇಳಬೇಕಾದದ್ದು ಇದನ್ನೇ: ಇಲ್ಲದ್ದರಿಂದ ಕಾಣಲಿಲ್ಲವೋ, ನೋಡದ್ದರಿಂದ ಕಾಣಲಿಲ್ಲವೋ?

ನಮ್ಮ ದಾರ್ಶನಿಕರು ಶತಮಾನಗಳ ಕಾಲ ಜಗಳವಾಡಿದ ಪ್ರಶ್ನೆ ಇದು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಕುಮಾರಿಲನ ಮೀಮಾಂಸೆಯೂ ಅದ್ವೈತವೂ ಅದಕ್ಕೆ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಬೇರೆ ಪ್ರಮಾಣವನ್ನೇ ಒಪ್ಪಿದವು. ನೈಯಾಯಿಕರು ಪ್ರತ್ಯಕ್ಷವೇ ಸಾಕೆಂದರು. ಮಳಖೇಡದ ಜಯತೀರ್ಥರ ದ್ವೈತ ಪರಂಪರೆಯ ಮೂರು ಪ್ರಮಾಣಗಳಲ್ಲೂ ಅನುಪಲಬ್ಧಿಗೆ ಜಾಗವಿಲ್ಲ. ಆ ಲೆಕ್ಕದ ಜಗಳ ಹಾಗಿರಲಿ. ಆ ಚರ್ಚೆಯಲ್ಲಿ ಮೂಡಿದ ಒಂದು ಕಟ್ಟಳೆ ಮಾತ್ರ ಬೆಲೆಬಾಳುವಂಥದ್ದು: ಕಾಣದಿರುವುದು ‘ಯೋಗ್ಯ’ವಾಗಿರಬೇಕು, ಅಂದರೆ ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ದೀಪವಿಲ್ಲದ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲವೆಂದಾಗದು. ಪಿಶಾಚಿ ಕಾಣಲಿಲ್ಲವೆಂದು ಪಿಶಾಚಿ ಇಲ್ಲವೆನ್ನಲೂ ಆಗದು, ಅದು ಇದ್ದರೂ ಕಾಣುವಂಥದ್ದಲ್ಲವಲ್ಲ! ಕಣ್ಣಿಗೆ ಕಾಣದ ವೈರಾಣು ಈ ಪಿಶಾಚಿಯ ಸಾಲಿನದು. ಅದನ್ನು ಗಡಿಗೆಯ ಸಾಲಿಗೆ ತರುವುದೇ ಪರೀಕ್ಷೆಯ ಕೆಲಸ, ಅದೂ ಒಂದು ಮಿತಿಯವರೆಗೆ.

ಆ ಮಿತಿಯನ್ನು ರ್‍ಯಾಪಿಡ್ ಆ್ಯಂಟಿಜೆನ್ ಕಾರ್ಡಿನಲ್ಲೇ ನೋಡಬಹುದು. ಮೂಗಿನಿಂದ ತೆಗೆದ ಕಡ್ಡಿಯನ್ನು ದ್ರವದಲ್ಲಿ ಅದ್ದಿ ಹಿಂಡಿ, ಕೆಲವು ಹನಿ ಕಾರ್ಡಿನ ಗುಂಡಿಗೆ ಬಿಡುತ್ತಾರೆ. ವೈರಾಣು ಸಿಕ್ಕರೆ ಟಿ ಗೆರೆ ಮೂಡುತ್ತದೆ. ಸಿಗಲಿ ಬಿಡಲಿ, ಸಿ ಗೆರೆ ಮೂಡಲೇಬೇಕು. ಅದು ಮೂಡದಿದ್ದರೆ ಕಾರ್ಡು ವ್ಯರ್ಥ, ಬುಟ್ಟಿಗೆ ಹಾಕಿ ಇನ್ನೊಂದು ತೆಗೆಯಬೇಕು. ದೀಪ ಹತ್ತಿತ್ತು ಎಂಬುದಕ್ಕೆ ಸಿ ಗೆರೆಯೇ ಸಾಕ್ಷಿ. ಆದರೆ ಕಡ್ಡಿ ಮೂಗಿನೊಳಗೆ ತಕ್ಕಷ್ಟು ಹೋಯಿತೇ ಎಂದು ಅದು ಹೇಳದು, ದೀಪ ಎಷ್ಟು ಪ್ರಖರವೆಂದೂ ಹೇಳದು. 2020ರ ಜೂನ್‌ನಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗ ಐಸಿಎಂಆರ್ ತಾನೇ ಅಂಕಿ ಕೊಟ್ಟಿತ್ತು: ಸೋಂಕಿಲ್ಲದವರನ್ನು ಇಲ್ಲವೆಂದೇ ಗುರುತಿಸುವುದು ಶೇ. 99.3ರಿಂದ 100, ಸೋಂಕಿರುವವರನ್ನು ಹಿಡಿಯುವುದು ಶೇ. 50.6ರಿಂದ 84. ಎಂದರೆ ನೂರು ಸೋಂಕಿತರಲ್ಲಿ ಹದಿನಾರರಿಂದ ನಲವತ್ತೊಂಬತ್ತು ಮಂದಿ ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋಗಬಹುದು. ಸೋಂಕಿನ ಶಂಕೆ ಇದ್ದವರಿಗೆ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಲೇಬೇಕೆಂದು ಅದೇ ಒಪ್ಪಿಗೆಯ ಸೂಚನೆಯಲ್ಲಿತ್ತು.

ಹೀಗೆ ಅನುಮಾನಿಸುತ್ತ ಕೂತರೆ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ, ಲೋಕವ್ಯವಹಾರ ನಡೆಯುವುದಾದರೂ ಹೇಗೆ ಎಂದು ಕೇಳಬಹುದು. ಆದರೆ ಇಲ್ಲಿ ಎಲ್ಲವನ್ನೂ ಅನುಮಾನಿಸುತ್ತಿಲ್ಲ. ‘ಇದೆ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ಬೇಕಾದ ಪುರಾವೆ ಒಂದೇ ತೂಕದ್ದಲ್ಲ ಎಂದಷ್ಟೇ ವಾದ. ‘ಜನರೇ ಪರೀಕ್ಷೆಗೆ ಬರಲಿಲ್ಲ, ಅದಕ್ಕೆ ಯಾರೇನು ಮಾಡಲಾದೀತು?’ ಎಂಬ ಆಕ್ಷೇಪಕ್ಕೆ ತೂಕ ಹೆಚ್ಚು. ಜನ ಹಿಂಜರಿದದ್ದು ನಿಜ. ಪಾಸಿಟಿವ್ ಬಂದರೆ ಎತ್ತಿಕೊಂಡು ಹೋಗುತ್ತಾರೆ, ಮನೆ ಮುಂದೆ ಪಟ್ಟಿ ಕಟ್ಟುತ್ತಾರೆ, ಓಣಿಯವರು ಮಾತು ಬಿಡುತ್ತಾರೆ, ಭತ್ತದ ನಾಟಿಯ ಕೂಲಿ ತಪ್ಪುತ್ತದೆ ಎಂಬ ಅಳುಕು ಆಗ ಇತ್ತು. ದೀಪ ಹಚ್ಚಿದರೆ ಮನೆಯೇ ಸುಟ್ಟೀತೆಂಬ ಭಯ ಇರುವಲ್ಲಿ ದೀಪ ಕೈಗೆಟುಕಿದೆ ಎನ್ನಲಾಗದು. ಪರೀಕ್ಷೆ ಎಟುಕುವುದೆಂದರೆ ಕಿಲೋಮೀಟರಿನ ಲೆಕ್ಕವಷ್ಟೇ ಅಲ್ಲ, ಅದರ ಫಲವನ್ನು ತಾಳಿಕೊಳ್ಳುವ ಶಕ್ತಿಯೂ ಹೌದು.

ಕಿಲೋಮೀಟರಿನ ಲೆಕ್ಕವೂ ಸಣ್ಣದೇನಲ್ಲ. ದೇಶದಲ್ಲಿ ದಾಖಲಾದ ಮೊದಲ ಕೊರೋನಾ ಸಾವು ನಮ್ಮ ಕಲಬುರಗಿಯದು. ಗಂಟಲ ದ್ರವ ಬೆಂಗಳೂರಿಗೆ ಹೋಗಬೇಕಿತ್ತು. ರೋಗಿ ತೀರಿಕೊಂಡದ್ದು 2020ರ ಮಾರ್ಚ್ 10ರಂದು, ಸೋಂಕು ಖಚಿತವೆಂದು ಪ್ರಕಟವಾದದ್ದು 12ರಂದು. ಆಗ ಎಲ್ಲವೂ ಹೊಸತು, ಪ್ರಯೋಗಾಲಯಗಳು ಕೆಲವೇ. ಆ ನೆವವನ್ನು ಒಪ್ಪೋಣ. ಮರುವರ್ಷ ಎರಡನೇ ಅಲೆ ಏರುತ್ತಿದ್ದಾಗ, ಏಪ್ರಿಲ್ 17ರಂದು, ಮಸ್ಕಿ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಮತಯಂತ್ರ, ಶಾಯಿ, ಸಿಬ್ಬಂದಿ ಎಲ್ಲವೂ ಹಳ್ಳಿಗಳ ಶಾಲೆಯ ಕೋಣೆಗೇ ಬಂದವು. ಒಂದು ದಿನದ ಮತಗಟ್ಟೆಗೂ ತಿಂಗಳುಗಟ್ಟಲೆ ನಡೆಯುವ ಪರೀಕ್ಷೆಗೂ ಹೋಲಿಕೆ ಸಲ್ಲದು ಎನ್ನಬಹುದು. ಖರ್ಚಿನಲ್ಲಿ ಸಲ್ಲದು, ನಿಜ. ಆದರೆ ಹಳ್ಳಿಯನ್ನು ತಲುಪಲಾಗದು ಎಂಬ ಮಾತು ಮಾತ್ರ ಆ ದಿನವೇ ಬಿದ್ದುಹೋಯಿತು.

ಹಾಗಾದರೆ ಒಂದು ಊರಿಗೆ ಸಿ ಗೆರೆ ಯಾವುದು? ಎಷ್ಟು ಮಂದಿಯ ಮೂಗಿಗೆ ಕಡ್ಡಿ ಮುಟ್ಟಿತು ಎಂಬ ಲೆಕ್ಕ. ತಾಲ್ಲೂಕಿನ ಪಟ್ಟಿಯಲ್ಲಿ ಊರಿನ ಹೆಸರಿನ ಮುಂದೆ ‘0’ ಬರೆಯುವ ಕೈ ಪಕ್ಕದ ಕಾಲಮ್ಮಿನಲ್ಲಿ ಆ ಅಂಕಿಯನ್ನೂ ಬರೆಯಬೇಕು. ಅಲ್ಲಿಯೂ ಸೊನ್ನೆಯೇ ಇದ್ದರೆ ಮೊದಲ ಸೊನ್ನೆಯನ್ನು ಹೊಡೆದುಹಾಕಿ ಆ ಜಾಗವನ್ನು ಖಾಲಿ ಬಿಡಬೇಕು, ಸಿ ಗೆರೆ ಮೂಡದ ಕಾರ್ಡನ್ನು ಬುಟ್ಟಿಗೆ ಹಾಕುವ ಹಾಗೆ.