ಅನುಮಾನದ ಹೊರೆ ಯಾರ ಹೆಗಲಿಗೆ?

ಸೈನ್ಯದ ಭರ್ತಿ ರ‍್ಯಾಲಿಗಳಲ್ಲಿ 1.6 ಕಿಲೋಮೀಟರ್ ಓಡಿ ಬಂದ ಹುಡುಗರನ್ನು ಅಂಕುಡೊಂಕಾದ ಕಿರಿದಾದ ಹಲಗೆಯ ಮೇಲೆ ನಡೆಸುತ್ತಾರೆ. ಜಿಗ್‌ಜಾಗ್ ಬ್ಯಾಲೆನ್ಸ್ ಎಂದು ಅದರ ಹೆಸರು. ಅದಕ್ಕೆ ಅಂಕಗಳಿಲ್ಲ. ದಾಟಿದರೆ ಪಾಸು, ಇಲ್ಲದಿದ್ದರೆ ಮನೆಯ ದಾರಿ. ಆಮೇಲೆ ವೈದ್ಯರು ಕಣ್ಣು, ಕಿವಿ, ಎದೆ, ಮಂಡಿ ಎಲ್ಲವನ್ನೂ ನೋಡಿ ಈ ಮೈಯಲ್ಲಿ ದೋಷವಿಲ್ಲ ಎಂದು ಬರೆದು ಸಹಿ ಹಾಕುತ್ತಾರೆ. ನನ್ನ ವಾದ ಶುರುವಾಗುವುದು ಆ ಸಹಿಯಿಂದ.

ಆ ಸಹಿ ಬಿದ್ದ ಮೇಲೂ ಬರಬಲ್ಲ ಕಾಯಿಲೆಗಳಲ್ಲೊಂದು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.). ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಇಪ್ಪತ್ತರಿಂದ ನಲವತ್ತರ ನಡುವೆ, ಅಂದರೆ ಸರಿಯಾಗಿ ಸಿಪಾಯಿಯ ವಯಸ್ಸಿನಲ್ಲಿ. ಮೈಯ ರೋಗನಿರೋಧಕ ಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಶತ್ರುವೆಂದು ತಿಳಿದು ಕೆಡಿಸುತ್ತದೆ. ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ. ಕರೆಂಟು ಹರಿಯುತ್ತದೆ, ಆದರೆ ತಡವಾಗಿ, ಸೋರುತ್ತಾ. ಕಾಯಿಲೆಗಿಂತ ನನ್ನನ್ನು ಹೆಚ್ಚು ಕಾಡುವುದು ಅದು ಇದೆಯೋ ಇಲ್ಲವೋ ಎಂದು ಗೊತ್ತಾಗುವ ಮುಂಚಿನ ಕಾಲ.

ಒಬ್ಬ ಸಿಪಾಯಿಯನ್ನು ಊಹಿಸಿಕೊಳ್ಳಿ. ಹದಿಮೂರು ವರ್ಷದ ನೌಕರಿ. ಪಿಂಚಣಿಗೆ ಬೇಕಾದ ಹದಿನೈದಕ್ಕೆ ಇನ್ನೆರಡು ಬಾಕಿ. ಫೈರಿಂಗ್ ರೇಂಜಿನಲ್ಲಿ ಎಡಗಣ್ಣು ಮುಚ್ಚಿ ಗುರಿ ಹಿಡಿದಾಗ ಅಲ್ಲಿ ಹಾರುತ್ತಿರುವ ಕೆಂಪು ಬಾವುಟ ಬಿಸಿಲಿಗೆ ಬಣ್ಣ ಬಿಟ್ಟಂತೆ ಕಾಣುತ್ತದೆ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಅಚ್ಚ ಕೆಂಪು. ಕಣ್ಣು ಆಚೀಚೆ ಹೊರಳಿಸಿದರೆ ಒಳಗೆ ನೋವು. ಕಣ್ಣಿನ ನರ ಊದಿಕೊಂಡಾಗ ಮೊದಲು ಮಂಕಾಗುವ ಬಣ್ಣ ಬಹುಪಾಲು ಕೆಂಪೇ. ಮಧ್ಯಾಹ್ನದ ಬಿಸಿಲಲ್ಲಿ ಐದು ಕಿಲೋಮೀಟರ್ ಓಡಿದರೆ ಮಂಜು ಹೆಚ್ಚುತ್ತದೆ, ನೆರಳಲ್ಲಿ ಕೂತು ಮೈ ತಣಿದರೆ ಇಳಿಯುತ್ತದೆ. ಮೈ ಬಿಸಿಯಾದಾಗ ಹೀಗಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಬರೆದಿಟ್ಟಿದ್ದಾನೆ. ಆದರೆ ಪ್ಲಟೂನಿನಲ್ಲಿ ಅದಕ್ಕೆ ಬೇರೆ ಹೆಸರು: ಕಳ್ಳಾಟ. ಓಟ ಬಂದಾಗ ಕಾಯಿಲೆ, ಊಟ ಬಂದಾಗ ಆರೋಗ್ಯ! ಕೆಲವು ವಾರಗಳಲ್ಲಿ ಕಣ್ಣು ಹೆಚ್ಚುಕಡಿಮೆ ಸರಿಹೋದಾಗ ಅವನಿಗೇ ತನ್ನ ಮೇಲೆ ಅನುಮಾನ.

ಇದು ಎಂ.ಎಸ್. ಹೌದೇ? ವೈದ್ಯರೂ ತಕ್ಷಣ ಹೇಳಲಾರರು. 2001ರಲ್ಲಿ ರೂಪಿಸಿದ ಮ್ಯಾಕ್‌ಡೊನಾಲ್ಡ್ ಮಾನದಂಡಗಳ ಪ್ರಕಾರ ಹಾನಿ ಒಂದಕ್ಕಿಂತ ಹೆಚ್ಚು ಜಾಗಗಳಲ್ಲಿರಬೇಕು, ಒಂದಕ್ಕಿಂತ ಹೆಚ್ಚು ಸಲ ಆಗಿರಬೇಕು. ಅಂದರೆ ಎಂ.ಆರ್.ಐ. ಯಂತ್ರದ ಜೊತೆಗೆ ಕ್ಯಾಲೆಂಡರೂ ಒಂದು ಪರೀಕ್ಷಾ ಸಾಧನ. ಆಮೇಲಿನ ಪರಿಷ್ಕರಣೆಗಳು ಕಾಯುವ ಕಾಲವನ್ನು ಕಡಿಮೆ ಮಾಡುತ್ತಾ ಬಂದಿವೆ; 2017ರಿಂದ ಬೆನ್ನುಹುರಿಯ ದ್ರವದಲ್ಲಿ ಸಿಗುವ ಕೆಲವು ಪ್ರೋಟೀನ್ ಪಟ್ಟಿಗಳು ಎರಡನೇ ದಾಳಿಗೆ ಬದಲಿ ಸಾಕ್ಷಿಯಾಗಬಲ್ಲವು. ಆದರೂ ಕ್ಷಯ, ಬಿ12 ಕೊರತೆ, ಎಂ.ಎಸ್. ಅನ್ನೇ ಹೋಲುವ ಬೇರೆ ನರರೋಗಗಳು ಎಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಬೇಕು. ಅಷ್ಟರವರೆಗೆ ರೋಗಿ ‘ಇರಬಹುದು’ ಎಂಬ ಪದದೊಳಗೆ ವಾಸಿಸಬೇಕು.

ಹಾಗಾದರೆ ಅವನು ಸಿಕ್ ರಿಪೋರ್ಟ್ ಮಾಡಬೇಕೇ, ಸುಮ್ಮನಿರಬೇಕೇ? ಹೇಳಲೇಬೇಕು ಎಂಬ ಪಕ್ಷ ಬಲವಾಗಿದೆ, ನಾನೂ ಅದನ್ನು ಒಪ್ಪುತ್ತೇನೆ. ರಾತ್ರಿ ಪಹರೆಯವನ ಕಣ್ಣು ಅವನೊಬ್ಬನದಲ್ಲ. ಗಡಿರಸ್ತೆಯಲ್ಲಿ ಲಾರಿ ಓಡಿಸುವವನ ಕಾಲು ಬ್ರೇಕಿನ ಮೇಲೆ ಜೋಮು ಹಿಡಿದರೆ ಸಾಯುವವರು ಹಿಂದೆ ಕೂತವರು. ಅವನ ಹಿತವೂ ಹೇಳುವುದರಲ್ಲೇ ಇದೆ: ಬೇಗ ಶುರುಮಾಡಿದ ಔಷಧಿ ಮುಂದಿನ ದಾಳಿಗಳನ್ನು ಕಡಿಮೆ ಮಾಡುತ್ತದೆ, ಬಚ್ಚಿಟ್ಟ ವರ್ಷಗಳಲ್ಲಿ ಕಳೆದುಹೋದ ನರ ಮರಳಿ ಸಿಗುವುದಿಲ್ಲ.

ಆದರೆ ಈ ಕರ್ತವ್ಯವನ್ನು ಅವನೊಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ನೀತಿಪಾಠ ನನಗೆ ಒಗ್ಗುವುದಿಲ್ಲ. ನೋವನ್ನು ಲೆಕ್ಕಿಸಬೇಡ, ಮೈ ಬೇಡ ಎಂದರೂ ಹೆಜ್ಜೆ ಹಾಕು ಎಂದು ವರ್ಷಗಟ್ಟಲೆ ಕಲಿಸಿದ ಸಂಸ್ಥೆಯೇ ಈಗ ಜುಮುಗುಡುವ ಬೆರಳಿಗೂ ಕಿವಿಗೊಡು ಎನ್ನುತ್ತಿದೆ. ಅರ್ಜುನನನ್ನೇ ನೋಡಿ. ಮೈ ನಡುಗಿತು, ಚರ್ಮ ಉರಿಯಿತು, ನಿಲ್ಲಲಾಗಲಿಲ್ಲ, ಗಾಂಡೀವ ಕೈಜಾರಿತು. ಇಷ್ಟು ಲಕ್ಷಣ ಹೇಳಿಕೊಂಡವನಿಗೆ ಸಿಕ್ಕ ಮೊದಲ ಉತ್ತರ ಹೇಡಿಯಾಗಬೇಡ ಎಂಬುದು. ಅವನದು ಮನಸ್ಸಿನ ಸಂಕಟವಾಗಿತ್ತು, ಉಪದೇಶ ನಾಟಿತು, ಎದ್ದು ನಿಂತ. ಮಯಲಿನ್ ಕಳೆದುಕೊಂಡ ನರಕ್ಕೆ ಹದಿನೆಂಟು ಅಧ್ಯಾಯ ಹೇಳಿದರೂ ಅಷ್ಟೇ. ಮೈಯ ತೊಂದರೆಯನ್ನು ಧೈರ್ಯದ ಕೊರತೆಯೆಂದು ಓದುವ ಚಾಳಿ ಎಲ್ಲ ಸೈನ್ಯಗಳಲ್ಲೂ ಇತ್ತು. ಮೊದಲ ಮಹಾಯುದ್ಧದಲ್ಲಿ ಹೇಡಿತನ, ಪಲಾಯನದಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ಗುಂಡಿಕ್ಕಿದವರಲ್ಲಿ 306 ಮಂದಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಎಷ್ಟು ಜನರ ನರಮಂಡಲ ಕೆಟ್ಟಿತ್ತೆಂದು ಈಗ ಯಾರು ಹೇಳಬಲ್ಲರು?

ಸತ್ಯ ಗೊತ್ತಿಲ್ಲದಾಗ ಸತ್ಯ ಏನು ಎಂದು ಕೇಳುತ್ತಾ ಕೂತರೆ ನ್ಯಾಯ ಹುಟ್ಟುವುದಿಲ್ಲ. ಗೊತ್ತಾಗುವವರೆಗೆ ಆ ಅಜ್ಞಾನದ ಖರ್ಚು ಯಾರು ಹೊರಬೇಕು ಎಂದು ಕೇಳಬೇಕು. ಸಿಪಾಯಿ ಹೊತ್ತರೆ ಬಡ್ತಿ, ಪೋಸ್ಟಿಂಗು, ಪಿಂಚಣಿ ಎಲ್ಲವನ್ನೂ ಪಣಕ್ಕಿಟ್ಟಂತೆ. ಸಂಸ್ಥೆ ಹೊತ್ತರೆ ಅದಕ್ಕೆ ತಗಲುವುದು ಸ್ವಲ್ಪ ಕಾಲ, ಒಂದು ಬದಲಿ ಕೆಲಸ.

ನ್ಯಾಯಾಲಯಕ್ಕೆ ಇದು ಹೊಳೆದಿದೆ. ಸಿಗ್ನಲ್ಸ್ ಕೋರಿಗೆ 1985ರಲ್ಲಿ ಸೇರಿ, ಮೂರ್ಛೆರೋಗದ ಕಾರಣಕ್ಕೆ ಬೋರ್ಡ್ ಔಟ್ ಆಗಿ ಸೇವೆಯಿಂದ ಹೊರಬಿದ್ದ ಧರಮ್‌ವೀರ್ ಸಿಂಗ್ ಅವರ ವೈಕಲ್ಯ ಪಿಂಚಣಿಯ ಪ್ರಕರಣದಲ್ಲಿ ವೈದ್ಯಕೀಯ ಮಂಡಳಿ ಈ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದಿತ್ತು. 2013ರಲ್ಲಿ ಸುಪ್ರೀಂ ಕೋರ್ಟು ಆ ಮಾತನ್ನು ತಿರುಗಿಸಿತು: ಸೇರುವಾಗ ದೋಷವಿಲ್ಲವೆಂದು ನೀವೇ ಬರೆದಿದ್ದೀರಿ, ಆಮೇಲೆ ಬಂದದ್ದಕ್ಕೆ ಸೇವೆ ಕಾರಣವಲ್ಲ ಎಂದು ತೋರಿಸುವ ಹೊಣೆ ನಿಮ್ಮದು, ಸಂಶಯದ ಲಾಭ ಸೈನಿಕನಿಗೆ. ಭರ್ತಿಯ ದಿನದ ಸಹಿಗೆ ಬೆಲೆ ಬಂದದ್ದು ಹೀಗೆ. 2023ರಲ್ಲಿ ಈ ಪಿಂಚಣಿಯ ನಿಯಮಗಳನ್ನು ಹೊಸದಾಗಿ ಬರೆದರು. ಹೊರೆ ಮತ್ತೆ ತಮ್ಮ ಕಡೆಗೇ ಜಾರುತ್ತಿದೆ ಎಂಬುದು ಅನೇಕ ಮಾಜಿ ಸೈನಿಕರ ತಕರಾರು. ಅಮೆರಿಕದ ಕಾನೂನಿನಲ್ಲಂತೂ ಎಂ.ಎಸ್.ಗೇ ಒಂದು ವಿಶೇಷ ಅವಧಿ ಇದೆ: ಸೇವೆ ಬಿಟ್ಟ ಏಳು ವರ್ಷದೊಳಗೆ ಕಾಯಿಲೆ ನಿಗದಿತ ಮಟ್ಟದಲ್ಲಿ ಕಾಣಿಸಿಕೊಂಡರೆ ಅದನ್ನು ಸೇವೆಗೆ ಸಂಬಂಧಿಸಿದ್ದೆಂದೇ ಭಾವಿಸಲಾಗುತ್ತದೆ. ಕಾಯಿಲೆ ನಿಧಾನವಾಗಿ ಬರುತ್ತದೆ ಎಂದು ಕಾನೂನು ತಾನೂ ಅಷ್ಟು ಕಾಲ ಕಾಯುತ್ತದೆ.

ಅದೇ ದೇಶದ ಸೈನಿಕರ ರಕ್ತದಿಂದಲೇ ಈ ಕಾಯಿಲೆಯ ಮೂಲದ ಬಗ್ಗೆ ದೊಡ್ಡ ಸುಳಿವು ಸಿಕ್ಕಿತು. ಎಚ್‌ಐವಿ ತಪಾಸಣೆಗೆಂದು ಎರಡು ವರ್ಷಕ್ಕೊಮ್ಮೆ ತೆಗೆದು ಉಳಿದ ರಕ್ತವನ್ನು ಅಲ್ಲಿನ ಸೇನೆ ಕೂಡಿಟ್ಟಿತ್ತು. ಒಂದು ಕೋಟಿಗೂ ಹೆಚ್ಚು ಜನರ ದಾಖಲೆಗಳಲ್ಲಿ ಹುಡುಕಿ, ಎಂ.ಎಸ್. ಬಂದ 801 ಮಂದಿಯ ಹಳೆಯ ರಕ್ತವನ್ನು ಹಾರ್ವರ್ಡಿನ ಸಂಶೋಧಕರು ಪರೀಕ್ಷಿಸಿದರು. ಒಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ಕಾಯಿಲೆಗೆ ಮುಂಚೆಯೇ ಎಪ್‌ಸ್ಟೀನ್-ಬಾರ್ ವೈರಸ್ ತಗಲಿತ್ತು. ಆ ಸೋಂಕು ಅಪಾಯವನ್ನು 32 ಪಟ್ಟು ಹೆಚ್ಚಿಸುತ್ತದೆ ಎಂದು 2022ರ ಜನವರಿಯಲ್ಲಿ ಪ್ರಕಟಿಸಿದರು. ಈ ವೈರಸ್ ಹೆಚ್ಚುಕಡಿಮೆ ಎಲ್ಲ ಮನುಷ್ಯರಲ್ಲೂ ಇರುವಂಥದ್ದು, ಆದ್ದರಿಂದ ಸೈನ್ಯವೇ ತಪ್ಪಿತಸ್ಥ ಎಂದು ಇದರಿಂದ ಹೇಳಲಾಗದು. ಆದರೆ ತಮಗೇ ತಿಳಿಯದ ಲೆಕ್ಕದಲ್ಲಿ ಆ 801 ಮಂದಿ ಲೋಕಕ್ಕೆಲ್ಲ ಒಂದು ಉಪಕಾರ ಮಾಡಿದರು. ಸಿಪಾಯಿಯ ಮೈ ಸಾರ್ವಜನಿಕ ಆಸ್ತಿ ಎಂದು ಬಳಸಿಕೊಂಡ ಮೇಲೆ ಅದರ ಕಾಯಿಲೆ ಮಾತ್ರ ಖಾಸಗಿ ಎನ್ನುವುದು ಯಾವ ಲೆಕ್ಕ?

ಸೈನ್ಯ ಧರ್ಮಛತ್ರವಲ್ಲ ಎಂಬ ಆಕ್ಷೇಪವಿದೆ. ಸರಿ. ನಾನು ಕೇಳುತ್ತಿರುವುದು ಅನುಮಾನವಿರುವವನನ್ನು ಸಿಯಾಚಿನ್‌ಗೆ ಕಳಿಸಿ ಎಂದಲ್ಲ. ನಮ್ಮ ಸೇನೆ ಆರೋಗ್ಯ ಅಳೆಯುವ ‘ಶೇಪ್’ ಪದ್ಧತಿಯಲ್ಲೇ ತಾತ್ಕಾಲಿಕ ಕೆಳ ಕ್ಯಾಟಗರಿ ಎಂಬ ಜಾಗ ಇದೆ: ಕೆಲ ತಿಂಗಳು ಹಗುರ ಕೆಲಸ, ಮತ್ತೆ ಪರೀಕ್ಷೆ, ಮತ್ತೆ ತೀರ್ಮಾನ. ಅನುಮಾನಕ್ಕೆ ಹೇಳಿ ಮಾಡಿಸಿದ ವ್ಯವಸ್ಥೆ. ಕೆಟ್ಟಿರುವುದು ಅದರ ಹೆಸರು. ಬ್ಯಾರಕ್ಕಿನಲ್ಲಿ ‘ಕ್ಯಾಟಗರಿ ಆಯ್ತಂತೆ’ ಎಂದರೆ ಮೈಲಿಗೆ ಆದಂತೆ. ಬಡ್ತಿಯ ಪಟ್ಟಿಯಲ್ಲಿ ಹೆಸರು ಹಿಂದೆ ಬೀಳುವ ಭಯ. ಶಿಕ್ಷೆಯ ರುಚಿ ಇರುವ ಆಶ್ರಯಕ್ಕೆ ಯಾರೂ ತಾವಾಗಿ ಬರುವುದಿಲ್ಲ.

ಅಗ್ನಿವೀರರ ವಿಷಯಕ್ಕೆ ಬಂದರೆ ಇದು ಇನ್ನೂ ಬಿಗಿಯಾಗುತ್ತದೆ. ನಾಲ್ಕು ವರ್ಷದ ಅವಧಿ, ಪಿಂಚಣಿ ಇಲ್ಲ. ಸೇವೆಯಿಂದ ಆದ ಅಥವಾ ಸೇವೆಯಲ್ಲಿ ಉಲ್ಬಣಿಸಿದ ವೈಕಲ್ಯಕ್ಕೆ ಪರಿಹಾರವುಂಟು, ಅದನ್ನು ಶೇಕಡಾ 50, 75, 100 ಎಂದು ಮೂರು ಮೆಟ್ಟಿಲಲ್ಲಿ ಅಳೆಯುತ್ತಾರೆ. ಮೂರನೇ ವರ್ಷ ಒಂದು ಕಣ್ಣು ಮಂಜಾಗಿ ಮತ್ತೆ ತಿಳಿಯಾದ ಹುಡುಗ ಆ ಅಳತೆಯಲ್ಲಿ ಸೊನ್ನೆ. ನಾಲ್ಕರ ಕೊನೆಗೆ ಕಾಯಂ ಆಗಲು ನಾಲ್ವರಲ್ಲಿ ಒಬ್ಬರಿಗಷ್ಟೇ ಅವಕಾಶವಿರುವ ಸಾಲಿನಲ್ಲಿ ಅವನೂ ನಿಂತಿದ್ದಾನೆ. ಎಂ.ಐ. ರೂಮಿಗೆ, ಅಂದರೆ ಘಟಕದ ಚಿಕಿತ್ಸಾಲಯಕ್ಕೆ, ಹೋಗಿ ನಿಜ ಹೇಳು ಎಂದು ಅವನಿಗೆ ಹೇಳುವವರು, ಹೇಳಿದ ಮಾತ್ರಕ್ಕೆ ಆ ಸಾಲಿನಲ್ಲಿ ಅವನ ಜಾಗ ಕದಲುವುದಿಲ್ಲ ಎಂದು ಮೊದಲು ಲಿಖಿತವಾಗಿ ಕೊಡಬೇಕು.