ಅಂಗಳದಲ್ಲಿ ಬರೆದ ಮೊದಲ ಪುಟ

ಮಕ್ಕಳ ಚಿತ್ರಪುಸ್ತಕಕ್ಕೆ ಕೂತಾಗಲೆಲ್ಲ ಒಮ್ಮೆ ಮೊಣಕಾಲು ಮುಟ್ಟಿ ನೋಡಿಕೊಳ್ಳುತ್ತೇನೆ. ಚಿನ್ನಿದಾಂಡು ಆಡುವಾಗ ಬಿದ್ದ ಗಾಯದ ಕಲೆ ಇನ್ನೂ ಅಲ್ಲೇ ಇದೆ. ನನ್ನ ಕತೆಗಳು ಹೊರಡುವುದು ಅಲ್ಲಿಂದ.

*

ಕುಂಟೆಬಿಲ್ಲೆಗೆಂದು ಹೆಂಚಿನ ಚೂರಿನಿಂದ ನೆಲಕ್ಕೆ ಗೆರೆ ಎಳೆದ ಮಗು ಆಗಲೇ ಪುಟ ಹಾಕಿಯಾಯಿತು. ಗೆರೆ ತುಳಿಯದೆ ಮನೆಯಿಂದ ಮನೆಗೆ ಹಾರುವುದಷ್ಟೇ ಉಳಿದ ಕೆಲಸ.

*

ಕಣ್ಣಾಮುಚ್ಚಾಲೆ ಆಡಿದವರಿಗೆ ಪುಟ ತಿರುವಿಸುವ ಗುಟ್ಟನ್ನು ಯಾರೂ ಹೇಳಿಕೊಡಬೇಕಿಲ್ಲ. ಬಲಬದಿಯ ಪುಟದಲ್ಲಿ, ಬಾಗಿಲ ಸಂದಿಯಿಂದ ಲಂಗದ ಅಂಚು ಇಣುಕಬೇಕು. ತಿರುವಿದರೆ ಇಡೀ ಹುಡುಗಿ ಸಿಗಬೇಕು. ಪೂರ್ತಿ ಅಡಗಿದರೆ ಹುಡುಕುವವರಿಗೆ ಬೇಸರ, ಪೂರ್ತಿ ಕಂಡರೆ ಆಟವೇ ಇಲ್ಲ.

*

ಲಗೋರಿಗೆ ಏಳು ಕಲ್ಲು. ಚೆಂಡು ತಗುಲಿ ಉರುಳುತ್ತವೆ. ಬೆನ್ನಿಗೆ ಏಟು ಬೀಳುವ ಮೊದಲು ಮತ್ತೆ ಪೇರಿಸಬೇಕು. ಮಕ್ಕಳ ಕತೆಗೆ ಇದಕ್ಕಿಂತ ಗಟ್ಟಿಯಾದ ಹಂದರ ನನಗೆ ಸಿಕ್ಕಿಲ್ಲ.

*

ಜಗಲಿಯ ಕೆಳಗಿನ ಒಣಧೂಳಿನಲ್ಲಿ ಲಾಳಿಕೆಯಂಥ ಪುಟ್ಟ ಗುಂಡಿ. ಅಂಚಿಗೆ ಬಂದ ಇರುವೆ ಜಾರಿತು. ತಳದಿಂದ ಯಾರೋ ಮಣ್ಣು ಎರಚಿದರು. ಇರುವೆ ಹತ್ತಿತು, ಮತ್ತೆ ಜಾರಿತು. ತಳದಲ್ಲಿ ಒಂದು ಜೊತೆ ಕೊಂಡಿ ಅಲುಗಿದಂತಾಯಿತು. ಬೋರಲು ಮಲಗಿ, ಉಸಿರಿಗೂ ಧೂಳೇಳದಂತೆ ನೋಡಿದವರಿಗಷ್ಟೇ ಈ ನಾಟಕ. ಮಕ್ಕಳಿಗೆ ಚಿತ್ರ ಬರೆಯುವವರ ಕಣ್ಣು ಇರಬೇಕಾದ ಎತ್ತರ ಅದು: ನೆಲದಿಂದ ನಾಲ್ಕು ಬೆರಳು.

*

ಮರಕೋತಿ ಆಡಲು ಕೊಂಬೆ ಏರಿದಾಗ ಅಪ್ಪನ ನೆತ್ತಿ ಮೊದಲ ಸಲ ಕಂಡಿತು. ದೊಡ್ಡವರೂ ಚಿಕ್ಕವರಾಗಿ ಕಾಣುವ ಜಾಗವೊಂದು ಪ್ರತಿ ಪುಸ್ತಕದಲ್ಲೂ ಇರಲಿ.

*

ಬಿಯಾಟ್ರಿಕ್ಸ್ ಪಾಟರ್ ಲಂಡನ್ನಿನ ಮನೆಯಲ್ಲಿ ಬೆಳೆದವರು. ಬಾಲ್ಯದ ಬೇಸಿಗೆಗಳನ್ನು ಸ್ಕಾಟ್ಲೆಂಡಿನಲ್ಲಿ, ಆಮೇಲೆ ಲೇಕ್ ಡಿಸ್ಟ್ರಿಕ್ಟಿನಲ್ಲಿ ತಮ್ಮನ ಜೊತೆ ಅಲೆದು, ಕಂಡ ಗಿಡ, ಪ್ರಾಣಿಗಳನ್ನೆಲ್ಲ ಬರೆದಿಟ್ಟರು. 1893ರಲ್ಲಿ, ಕಾಯಿಲೆಯಿಂದ ಮಲಗಿದ್ದ ಒಬ್ಬ ಹುಡುಗನಿಗೆ ಮೊಲದ ಕತೆಯನ್ನು ಚಿತ್ರ ಸಮೇತ ಕಾಗದದಲ್ಲಿ ಬರೆದು ಕಳಿಸಿದರು. 1902ರಲ್ಲಿ ಪ್ರಕಟಣೆಗೆ ಬಂದ ಪೀಟರ್ ಮೊಲದ ಪುಸ್ತಕದ ಬೇರು ಆ ಕಾಗದ. ಹೊರಗೆ ಹೋಗಲಾರದ ಮಗುವಿನ ಹಾಸಿಗೆಗೆ ಬಯಲೇ ಲಕೋಟೆಯಲ್ಲಿ ಬಂದಿತ್ತು.

*

ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ ‘ದ ಸ್ನೋಯಿ ಡೇ’ ಮಾಡಿದರು. ಅದರ ಪುಟ್ಟ ಕಪ್ಪು ಹುಡುಗ ದಿನವಿಡೀ ಹಿಮದಲ್ಲಿ ಆಡಿ, ನಾಳೆಗಿರಲಿ ಎಂದು ಒಂದು ಉಂಡೆ ಹಿಮವನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಮಲಗುವ ಮುಂಚೆ ನೋಡಿದರೆ ಜೇಬು ಖಾಲಿ. ಮರುವರ್ಷ ಆ ಪುಸ್ತಕಕ್ಕೆ, ಚಿತ್ರಪುಸ್ತಕಗಳಿಗೆಂದೇ ಇರುವ ಕಾಲ್ಡೆಕಾಟ್ ಪದಕ ಬಂತು.

ನಮ್ಮೂರಲ್ಲಿ ಹಿಮವಿರಲಿಲ್ಲ, ಆಲಿಕಲ್ಲು ಬೀಳುತ್ತಿತ್ತು. ಅಮ್ಮನಿಗೆ ತೋರಿಸಲೆಂದು ಮುಷ್ಟಿ ಬಿಗಿಹಿಡಿದು ಅಡುಗೆಮನೆಗೆ ಓಡಿದೆ. ಬೆರಳು ಬಿಡಿಸಿದರೆ ತಣ್ಣನೆಯ ನೀರು. ಅಮ್ಮ ಆ ಒದ್ದೆ ಅಂಗೈಯನ್ನೇ ನೋಡಿ, “ಎಷ್ಟು ದೊಡ್ಡದಿತ್ತೋ?” ಎಂದಳು. ನಾನು ಬರೆದ ಅಷ್ಟೂ ಪುಟಗಳು ಆ ಪ್ರಶ್ನೆಗೆ ಕೊಡುತ್ತಿರುವ ಉತ್ತರ.

*

“ಆಟಕ್ಕುಂಟು, ಲೆಕ್ಕಕ್ಕಿಲ್ಲ” ಎಂದು ಚಿಕ್ಕವರನ್ನೂ ಸೇರಿಸಿಕೊಳ್ಳುತ್ತಿದ್ದೆವು. ಚಿತ್ರಪುಸ್ತಕದಲ್ಲೂ ಅಂಥದ್ದೊಂದು ಜೀವ ಬೇಕು: ಕತೆಯಲ್ಲಿ ಹೆಸರಿಲ್ಲದ, ಪುಟಪುಟದ ಮೂಲೆಯಲ್ಲೂ ಹಿಂಬಾಲಿಸುವ ಒಂದು ನಾಯಿಮರಿ. ಅಕ್ಷರ ಬಾರದ ಮಗು ಮೊದಲು ಹುಡುಕುವುದು ಅದನ್ನೇ.

*

ಆಲಿಸ್ ಮೆಕ್ಲೆರನ್ ಅವರ ‘ರಾಕ್ಸಾಬಾಕ್ಸನ್’ (1991) ಅವರ ತಾಯಿ ಅರಿಜೋನಾದ ಯೂಮಾ ಊರಿನಲ್ಲಿ ಆಡಿದ ಆಟದ ಪುಸ್ತಕ. ಒಂದು ದಿಬ್ಬ, ಒಂದಿಷ್ಟು ಕಲ್ಲು, ಹಳೆಯ ಮರದ ಪೆಟ್ಟಿಗೆಗಳು. ಅಷ್ಟರಲ್ಲೇ ಮಕ್ಕಳು ಊರು ಕಟ್ಟಿದ್ದರು. ನಮಗೆ ತೆಂಗಿನ ಕರಟವೇ ಪಾತ್ರೆ, ಮಣ್ಣೇ ಅನ್ನ, ಬೇಲಿಯ ಸೊಪ್ಪೇ ಸಾರು. ಕಡಿಮೆ ಇದ್ದಲ್ಲಿ ಕಲ್ಪನೆಗೆ ಜಾಗ ಹೆಚ್ಚು. ಪುಟದಲ್ಲಿ ಬಿಳಿ ಬಿಡುವುದನ್ನು ನಾನು ಕಲಿತದ್ದು ಕರಟದಿಂದ.

*

ಸಾಮಾನ್ಯವಾಗಿ ಚಿತ್ರಪುಸ್ತಕಕ್ಕೆ 32 ಪುಟ. ಅಚ್ಚಿನ ಹಾಳೆಯನ್ನು ಮಡಚಿ 16 ಪುಟದ ಒಂದೊಂದು ಫಾರಂ ಮಾಡುವ ಲೆಕ್ಕದಿಂದ ಬಂದ ಮಿತಿ ಅದು. ನಮ್ಮ ಆಟಕ್ಕೂ ಮಿತಿಯಿತ್ತು: ದೀಪ ಹಚ್ಚುವ ಹೊತ್ತು. ಅಮ್ಮನ ಕೂಗು ಬರುವ ಮುಂಚಿನ ಆ ಕೊನೆಯ ಸರದಿಯ ಬಿರುಸನ್ನು ಕೊನೆಯ ಹಾಳೆಯಲ್ಲಿ ತರಲು ಇಂದಿಗೂ ಹೆಣಗುತ್ತೇನೆ.

*

ಆರ್.ಕೆ. ಲಕ್ಷ್ಮಣರಿಗೆ ಮೈಸೂರಿನ ಬಾಲ್ಯದಲ್ಲೇ ಕಾಗೆಯ ಮೇಲೆ ಮನಸ್ಸು ನೆಟ್ಟಿತು. ಜಗತ್ತೇ ಗುರುತಿಸುವ ವ್ಯಂಗ್ಯಚಿತ್ರಕಾರರಾದ ಮೇಲೂ ಅವರು ಕಾಗೆಗಳನ್ನು ಬರೆಯುತ್ತಲೇ ಇದ್ದರು. ಹಿತ್ತಲಲ್ಲಿ ಕಂಡದ್ದು ಒಂದು ಆಯುಷ್ಯಕ್ಕೆ ಸಾಕಾಗುತ್ತದೆ.

*

ಆಟ ಮುಗಿದ ಮೇಲೆ ಯಾರೂ ನೀತಿ ಹೇಳುತ್ತಿರಲಿಲ್ಲ. ಆದರೂ ಸರದಿ ಕಾಯುವುದನ್ನು, ಸೋತು ಮರುದಿನ ಮತ್ತೆ ಬರುವುದನ್ನು ಕಲಿತೆವು. ಪುಸ್ತಕದ ಕೊನೆಗೆ ನೀತಿ ಅಂಟಿಸುವವರು ಇದನ್ನು ನೆನಪಿಡಬೇಕು.

*

ಮುಟ್ಟಿದರೆ ಮುನಿಯ ಮುಳ್ಳು ಚುಚ್ಚಿಸಿಕೊಂಡ ಬೆರಳಿಗೆ ಮಾತ್ರ ಅದರ ಎಲೆ ಮಡಚುವ ಗತಿ ಗೊತ್ತು. ಫೋಟೊ ನೋಡಿ ಬರೆದ ಎಲೆಯಲ್ಲಿ ಆ ಮುನಿಸು ಇರುವುದಿಲ್ಲ.

*

ನಾಳಿನ ಚಿತ್ರಪುಸ್ತಕಗಳನ್ನು ಮಾಡುವವರು ಇಂದು ನಾಲ್ಕೈದು ವರ್ಷದವರು. ನಿಮ್ಮ ಬೀದಿಯಲ್ಲಿ ಉಳಿದಿರುವ ಒಂದು ತುಂಡು ಬಯಲನ್ನು ಅವರಿಗಾಗಿ ಕಾಪಾಡಿ. ಇಂದು ಸಂಜೆ ಮಗುವನ್ನು ಹೊರಗೆ ಬಿಡಿ. ಮಣ್ಣಾಗಿ ಬಂದರೆ ಬೈಯಬೇಡಿ, ಕೈಕಾಲು ತೊಳೆಸಿ, ಒಂದು ಹಾಳೆ ಕೊಟ್ಟು, “ಎಷ್ಟು ದೊಡ್ಡದಿತ್ತು?” ಎಂದು ಕೇಳಿ.